ಹಳೇ ಛತ್ರಿಯವರದು ಯಾವ ಊರು?

ಎದುರಿಗೆ ಕೂತ ಮನುಷ್ಯನ ಊರು ಕೇಳದೆ ಸುಮ್ಮನಿರುವುದು ನನ್ನಿಂದಾಗದ ಕೆಲಸ. ಹಸಿವನ್ನು ತಡೆದೇನು, ಕೆಮ್ಮನ್ನು ನುಂಗಿಯೇನು, 'ಯಾ ಊರ ಆತ್ರಿ ನಿಮ್ದು?' ಎನ್ನುವ ಪ್ರಶ್ನೆ ಮಾತ್ರ ತಾನಾಗಿ ಹೊರಗೆ ಬಿದ್ದುಬಿಡುತ್ತದೆ. ಇದರಲ್ಲಿ ನನ್ನೊಬ್ಬನ ತಪ್ಪೇನೂ ಇಲ್ಲ. ರಾಜ್ಯದ ಗಡಿಯಾಚೆಗಿನ ನಮ್ಮ ಜತ್ತ ತಾಲ್ಲೂಕಿನಲ್ಲಿ ಊರು ಕೇಳುವುದು ಮರ್ಯಾದೆ, ಕೇಳದಿರುವುದೇ ಸೊಕ್ಕು. ಬೆಳುಂಕಿಗೆ ಹೋಗುವ ಬಸ್ಸು ಹತ್ತಿ ನೋಡಿ. ಕಂಡಕ್ಟರ್ ನಿಮ್ಮ ಹತ್ತಿರ ಬಂದು ತಿಕೀಟು ಹರಿಯುವುದರೊಳಗೆ ಪಕ್ಕದವರು ನಿಮ್ಮ ಊರು, ಮನೆತನ, ಅಣ್ಣತಮ್ಮಂದಿರು, ಹೊಲದ ನೀರು ಎಲ್ಲ ವಿಚಾರಿಸಿ, ನಿಮ್ಮ ಸೋದರತ್ತೆಯ ಕಡೆಯಿಂದ ಒಂದು ಬಳಗವನ್ನೂ ಹುಡುಕಿ ಕೈಗೆ ಕೊಟ್ಟಿರುತ್ತಾರೆ. ಸಾಂಗಲಿಯಲ್ಲಿ ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಇಕ್ಕಳ ಹಾಕಿದಾಗಲೂ ನಾನು ಅವರ ಊರು ಕೇಳಿದೆ. ಪಾಪ, ಅವರಿಗೆ ತಿಳಿಯಲಿಲ್ಲ. ನನಗೆ ನೋವಾಯಿತೆಂದುಕೊಂಡು ಇನ್ನೊಂದು ಸೂಜಿ ಚುಚ್ಚಿದರು.

ಇಂಥ ನನ್ನ ಮನೆಯಲ್ಲಿ, ಊರಿಲ್ಲದ, ಹೆಸರಿಲ್ಲದ, ಮುಖವಿಲ್ಲದ ಮಂದಿ ಬಂದು ತಳವೂರಿದರೆ ನನ್ನ ಗತಿ ಏನಾಗಬೇಕು ನೀವೇ ಹೇಳಿ.

ಆದದ್ದಿಷ್ಟು. ನನ್ನ ಮಗಳು ಶಿವಲೀಲಾ ಗಣಿತದಲ್ಲಿ ಬಿಎಸ್ಸಿ ಮುಗಿಸಿದಳು. ಮುಂದೆ ದೊಡ್ಡ ಸಂಸ್ಥೆಯೊಂದರಲ್ಲಿ ಗಣಿತದ ಎಂಎಸ್ಸಿ ಮಾಡುತ್ತೇನೆ, ಅದಕ್ಕೊಂದು ಪ್ರವೇಶ ಪರೀಕ್ಷೆಯಿದೆ ಎಂದಳು. ನಾನು ಎದೆಯುಬ್ಬಿಸಿ, "ಅದಕ್ಕ್ಯಾಕ ಚಿಂತಿ? ನಾ ಹೇಳಿಕೊಡ್ತೀನಿ" ಎಂದೆ. ಯಾಕೆಂದರೆ ನಾನು ಗಣಿತದ ಗುರೂಜಿ. ಯಳವಿಯಲ್ಲಿ ನಮ್ಮ ಮನೆ, ಅಲ್ಲಿಂದ ಗಾಡಿಯ ಮೇಲೆ ಹೋಗಿಬರುವಷ್ಟು ದೂರದ ಒಂದು ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ನನ್ನದೇ ಗಣಿತ. ನನ್ನ ಕೈಯಲ್ಲಿ ಬಡ್ಡಿ ಲೆಕ್ಕ ಕಲಿತವರು ಇವತ್ತು ತಾಲ್ಲೂಕಿನ ತುಂಬ ಅಂಗಡಿ ಇಟ್ಟಿದ್ದಾರೆ. ಮಗಳು ಒಂದು ಪುಸ್ತಕ ತೆಗೆದು ನನ್ನ ಮುಂದಿಟ್ಟಳು. ನೋಡುತ್ತೇನೆ, ಹೌಹಾರಿಬಿಟ್ಟೆ. ಪುಟದ ತುಂಬ ಗಣಿತ, ಆದರೆ ಹುಡುಕಿದರೂ ಒಂದು ಅಂಕಿ ಇಲ್ಲ! ಇದ್ದ ಒಂದೇ ಅಂಕಿಯೆಂದರೆ ಕೆಳಗೆ ಮೂಲೆಯಲ್ಲಿದ್ದ ಪುಟದ ನಂಬರು. "ಏ ತಂಗಿ, ಇದರಾಗ ಕೂಡಸೂದು ಏನು, ಕಳಿಯೂದು ಏನು?" ಎಂದೆ. "ಕೂಡಸೂದಿಲ್ಲಪ್ಪಾ, ಸಿದ್ಧ ಮಾಡೂದೈತಿ" ಎಂದಳು. ಉತ್ತರ ಇದೆ ಎಂದು ಸಿದ್ಧ ಮಾಡಬೇಕಂತೆ, ಅಂದರೆ ಸಾಧಿಸಿ ತೋರಿಸಬೇಕಂತೆ. ಉತ್ತರ ಎಷ್ಟು ಎಂದು ಯಾರೂ ಕೇಳುವುದಿಲ್ಲವಂತೆ. ನಮ್ಮ ಶಾಲೆಯಲ್ಲಿ ಯಾವನಾದರೂ ಹುಡುಗ 'ಉತ್ತರ ಐತ್ರಿ ಗುರೂಜಿ, ಎಷ್ಟಂತ ಗೊತ್ತಿಲ್ಲ' ಎಂದಿದ್ದರೆ ಅವನನ್ನು ಅಂಗಳದಲ್ಲಿ ನಿಲ್ಲಿಸುತ್ತಿದ್ದೆ.

ಜತ್ತದ ಕಾಲೇಜಿನ ಅವಳ ಸರ್ ಒಳ್ಳೆಯವರು. "ನನಗ ಬಂದಷ್ಟು ಹೇಳೀನವಾ, ಮುಂದಿಂದು ನನ್ನ ಕೈಲೆ ಆಗೂದಿಲ್ಲ" ಎಂದು ಕೈಮುಗಿದುಬಿಟ್ಟಿದ್ದರು. ಈ ಪರೀಕ್ಷೆಗೆ ಕಲಿಸುವವರು ನಮ್ಮ ಸುತ್ತಮುತ್ತ ಯಾರೂ ಇಲ್ಲ. ಹೊರಗಿನ ಊರಿನಲ್ಲಿ ಇಟ್ಟು ಓದಿಸೋಣವೆಂದರೆ ಅವಳೇ ಬೇಡವೆಂದಳು. ಕೊನೆಗೆ ಕಂಪ್ಯೂಟರಿನಲ್ಲಿ ಒಂದು ಗುಂಪು ಹುಡುಕಿಕೊಂಡಳು. ದೇಶದ ಮೂಲೆಮೂಲೆಯವರು ಅಲ್ಲಿ ಸೇರಿ ಇಂಥದೇ ಪರೀಕ್ಷೆಗೆ ಓದುತ್ತಾರೆ. ಒಬ್ಬರು ಪ್ರಶ್ನೆ ಹಾಕುವುದು, ಉಳಿದವರು ಅದರ ಮೇಲೆ ಬೀಳುವುದು. ಸಂತೋಷವೇ. ಆದರೆ ಅವರ ಹೆಸರುಗಳನ್ನು ನೀವು ಕೇಳಬೇಕು. ಗುಂಪಿನ ಯಜಮಾನ ಇಂಗ್ಲಿಷಿನಲ್ಲಿ 'ಮುರುಕು ಪಟ್ಟಿ', ಅಂದರೆ ಗೆರೆ ಎಳೆಯುವ ಪಟ್ಟಿ ಮುರಿದದ್ದು, ಎಂಬ ಅರ್ಥ ಬರುವ ಹೆಸರಿಟ್ಟುಕೊಂಡಿದ್ದ. ನನ್ನ ಮಗಳಿಗೆ ಎಲ್ಲರಿಗಿಂತ ಹೆಚ್ಚು ತಿಳಿಸಿ ಹೇಳುತ್ತಿದ್ದವರ ಹೆಸರು 'ಹಳೇ ಛತ್ರಿ'. ನಾನು ಶಾಲೆಯ ಹಜೇರಿ ಪುಸ್ತಕದಿಂದ ಅಕ್ಕರೆಯಿಂದ ಆರಿಸಿಟ್ಟ ಹೆಸರಿನ ನನ್ನ ಮಗಳು ಅಲ್ಲಿ 'ಎರಡನೇ ಬೆಂಚು' ಆಗಿದ್ದಳು!

"ಈ ಹಳೇ ಛತ್ರಿಯವರದು ಯಾ ಊರು?" ಎಂದೆ.

"ಗೊತ್ತಿಲ್ಲಪ್ಪಾ."

"ಗೊತ್ತಿಲ್ಲಂದ್ರ? ಇಷ್ಟ ದಿನಾ ಕಲ್ಯಾಕತ್ತಿ, ಕೇಳಿಲ್ಲ?"

"ಅಲ್ಲಿ ಯಾರೂ ಯಾರನ್ನೂ ಕೇಳೂದಿಲ್ಲ. ಅದ ಅಲ್ಲಿ ಮೊದಲನೇ ನಿಯಮ."

ಒಬ್ಬರಿಂದ ವಿದ್ಯೆ ತೆಗೆದುಕೊಳ್ಳುವುದು, ಅವರ ಊರು ಕೇಳದೇ ಇರುವುದು! ಒಳಗಿನಿಂದ ನನ್ನ ಹೆಂಡತಿ ಮಹಾದೇವಿ, "ಊರ ಹೋಗ್ಲಿ, ಗಂಡಸೋ ಹೆಂಗಸೋ ಅದನರೆ ತಿಳ್ಕೊಳ್ರಿ" ಎಂದು ರೊಟ್ಟಿ ಬಡಿಯುತ್ತಲೇ ಕೂಗಿದಳು. ಅದೂ ಗೊತ್ತಿಲ್ಲ ಎಂದಳು ಮಗಳು. ಒಳಗಿನಿಂದ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು.

ಆದರೂ ನಾನು ತಡೆದುಕೊಂಡಿದ್ದೆ. ಪರೀಕ್ಷೆ ಹತ್ತಿರ ಬಂದಿತ್ತು. ಬರುವ ರವಿವಾರ ಗುಂಪಿನವರೇ ಒಂದು ಸರಾವು ಪರೀಕ್ಷೆ ಇಟ್ಟುಕೊಂಡಿದ್ದರು. ನಿಜವಾದ ಪರೀಕ್ಷೆಯಂತೆಯೇ ಬರೆಸಿ, ಯಾರು ಎಲ್ಲಿ ಎಡವಿದರೆಂದು ಒಬ್ಬೊಬ್ಬರಿಗೂ ತಿದ್ದಿ ಹೇಳುವ ಏರ್ಪಾಡು. ಮಗಳ ಜೀವವೆಲ್ಲ ಅದರ ಮೇಲೆಯೇ ಇತ್ತು. ಅಷ್ಟರಲ್ಲಿ ಕುಣಿಕೋಣೂರಿನಲ್ಲಿ ನನ್ನ ತಂಗಿಯ ಬಸುರಿ ಮಗಳ ಕುಬಸ ಬಂತು. ತಾಯಿ ಮಗಳು ಇಬ್ಬರೂ ಬೆಳಿಗ್ಗೆ ಹೋದರು. ಮಗಳು ಅವಸರದಲ್ಲಿ ಕಂಪ್ಯೂಟರನ್ನು ತೆರೆದೇ ಬಿಟ್ಟುಹೋಗಿದ್ದಳು.

ನಾನು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಟಣ್ ಎಂದಿತು. ಇಣುಕಿದೆ. ಹಳೇ ಛತ್ರಿ! 'ಎರಡನೇ ಬೆಂಚು, ನಿನ್ನೆ ಹೇಳಿದ್ದು ತಿಳಿಯಿತೇ?' ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಮನೆಬಾಗಿಲಿಗೆ ಬಂದು ಒಬ್ಬರು ಮಾತಾಡಿಸಿದಾಗ ಒಳಗೆ ಕೂತು ಸುಮ್ಮನಿರುವುದು ಯಾವ ಸಂಸ್ಕಾರ? ನಾನು ಮುಂದೆ ಕೂತು ನನಗೆ ಬರುವ ಹಿಂದಿಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. 'ನಮಸ್ಕಾರ. ನಿಮ್ಮದು ಯಾವ ಊರು? ಯಾವ ತಾಲ್ಲೂಕು? ತಂದೆಯವರು ಏನು ಮಾಡುತ್ತಾರೆ? ಅಣ್ಣತಮ್ಮಂದಿರು ಎಷ್ಟು ಜನ? ಮದುವೆ ಆಗಿದೆಯೋ ಇಲ್ಲವೋ? ಈ ಕಡೆ ಬಂದರೆ ಊಟಕ್ಕೆ ಬರಬೇಕು.' ಇಷ್ಟೇ. ಇದರಲ್ಲಿ ಒಂದಾದರೂ ಬಯ್ಗುಳವಿದೆಯೇ? ಬಸ್ಸಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅವರು ಬುತ್ತಿ ಬಿಚ್ಚಿ ನನಗೂ ಒಂದು ರೊಟ್ಟಿ ಕೊಟ್ಟಿರುತ್ತಿದ್ದರು.

ಪರದೆಯ ಮೇಲೆ ಕಣ್ಣರಳಿಸಿದ ಒಂದು ಹಳದಿ ಮುಖ. ಅದರ ಕೆಳಗೆ ಇನ್ನೊಂದು. ನೋಡನೋಡುತ್ತಿದ್ದಂತೆ ಹಳದಿ ಮುಖಗಳ ಮೆರವಣಿಗೆಯೇ ಹೊರಟಿತು. ನಾನು ಹಳೇ ಛತ್ರಿಯವರೊಬ್ಬರಿಗೇ ಬರೆದೆನೆಂದುಕೊಂಡಿದ್ದೆ. ಅದು ಇಡೀ ಗುಂಪು ಕೂತ ಪಡಸಾಲೆಯಂತೆ! ಮುರುಕು ಪಟ್ಟಿ ಬಂದ. 'ನಿಯಮ ಮುರಿದಿದ್ದೀರಿ' ಎಂದ. ಮರುಕ್ಷಣವೇ ಎಲ್ಲ ಮಾಯವಾಗಿ ಪರದೆ ಬೆಳ್ಳಗಾಯಿತು. ಕರೆಂಟು ಹೋಯಿತೇನೋ ಎಂದು ಮೇಲೆ ನೋಡಿದೆ. ಫ್ಯಾನು ತಿರುಗುತ್ತಿತ್ತು. ನಾನು ಮೆಲ್ಲಗೆ ಕಂಪ್ಯೂಟರಿನ ಮುಚ್ಚಳ ಮುಚ್ಚಿ, ಅದರ ಮೇಲೆ ಒಂದು ಟವೆಲ್ಲನ್ನೂ ಹೊದಿಸಿದೆ.

ಸಂಜೆ ಮಗಳು ಬಂದು ಟವೆಲ್ಲು ತೆಗೆದಳು. ಆಮೇಲೆ ಅವಳು ಅಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಅಪ್ಪಾ! ನನ್ನ ತಗದ ಹಾಕ್ಯಾರ! ನೀ ಏನರೆ ಮಾಡಿದ್ಯೇನು?"

"ನಾ ಏನ ಮಾಡ್ಲಿ? ಊರ ಕೇಳ್ದೆ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚಲೋ ಇತ್ತು. ಗೋಡೆಗೆ ಒರಗಿ ಕೂತು ಅಳುವುದಕ್ಕೆ ಶುರುಮಾಡಿದಳು. "ರವಿವಾರ ಪರೀಕ್ಷಾ ಐತಿ. ನನಗ ಹೇಳಿಕೊಡವ್ರು ಅವರ ಬಿಟ್ರ ಮತ್ತ್ಯಾರೂ ಇಲ್ಲಪ್ಪಾ" ಎಂದಳು. ಮಹಾದೇವಿ ಮಾತ್ರ ನನ್ನ ಕಡೆ ತಿರುಗಿ, "ಊರ ಕೇಳೂದೊಂದ ಬಿಟ್ರ ನಿಮಗ ಮತ್ತೇನ ಬರತೈತ್ರಿ?" ಎಂದಳು. ಗಂಡಸೋ ಹೆಂಗಸೋ ತಿಳಿದುಕೊಳ್ಳಿರೆಂದು ತಾನೇ ಹೇಳಿದ್ದು ಅವಳಿಗೆ ಪೂರ್ತಿ ಮರೆತುಹೋಗಿತ್ತು.

ಹೊರಗೆ ಹಾಕಿಸಿಕೊಂಡವರು ತಕರಾರು ಹೇಳಿಕೊಳ್ಳಲು ಗುಂಪಿನಲ್ಲಿ ಬೇರೊಂದು ಕೋಣೆಯಿದೆಯಂತೆ. ಮಗಳು ಕಣ್ಣೊರೆಸಿಕೊಂಡು ಅಲ್ಲಿ ಹೋಗಿ, 'ಬರೆದದ್ದು ನಾನಲ್ಲ, ನಮ್ಮ ತಂದೆ' ಎಂದು ಬರೆದಳು. ಮುರುಕು ಪಟ್ಟಿಯ ಉತ್ತರ ಬಂತು: 'ಸಿದ್ಧ ಮಾಡಿ ತೋರಿಸಿ.' ನಾನು ಮತ್ತೆ ಬೆಚ್ಚಿಬಿದ್ದೆ. ಅಪ್ಪ ಇದ್ದಾನೆ ಎಂದು ಸಿದ್ಧ ಮಾಡುವುದು ಹೇಗೆ? ಆಧಾರ್ ಕಾರ್ಡು ಕಳಿಸೋಣವೆಂದೆ. ಹೆಸರು, ಊರು ಕಾಣುವ ಯಾವುದನ್ನೂ ಹಾಕುವಂತಿಲ್ಲ, ಅದೇ ನಿಯಮ! ಆಗ ಹಳೇ ಛತ್ರಿಯವರು ನಡುವೆ ಬಂದು ಒಂದು ದಾರಿ ಹೇಳಿದರು. 'ಎರಡನೇ ಬೆಂಚಿಗೆ ಗಣಿತ ಚೆನ್ನಾಗಿ ಬರುತ್ತದೆ. ಈಗ ಅಲ್ಲಿ ಕೂತವರಿಗೆ ಗಣಿತ ಬರುವುದಿಲ್ಲವೆಂದು ಸಿದ್ಧವಾದರೆ ಅವರು ಬೇರೆಯವರೇ ಎಂದು ಆಗುತ್ತದೆ.' ಬರುವವರು ಬಾರದವರಂತೆ ನಟಿಸಬಹುದಲ್ಲ ಎಂದು ಯಾರೋ ಅಡ್ಡಗಾಲು ಹಾಕಿದರು. ಅಜ್ಞಾನವನ್ನು ಸಿದ್ಧ ಮಾಡಲು ಬರುತ್ತದೋ ಇಲ್ಲವೋ ಎಂಬುದರ ಮೇಲೆ ಅವರು ಮರುದಿನ ಮಧ್ಯಾಹ್ನದವರೆಗೆ ಕಚ್ಚಾಡಿದರು. ನಮ್ಮ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ, ಅವರಿಗೆ ಅದೊಂದು ಹೊಸ ಲೆಕ್ಕ ಸಿಕ್ಕ ಸಂಭ್ರಮ.

ಕೊನೆಗೆ, ಒಂದು ಪ್ರಶ್ನೆ ಕೇಳೋಣ, ಉತ್ತರ ನೋಡಿ ತೀರ್ಮಾನಿಸೋಣ ಎಂದಾಯಿತು. ಮಗಳು ಕಂಪ್ಯೂಟರನ್ನು ನನ್ನ ಮುಂದಿಟ್ಟಳು. "ಅಪ್ಪಾ, ನಿನಗ ತಿಳಿದಂಗ ಬರಿ, ಅಷ್ಟ ಸಾಕು" ಎಂದಳು. ನನ್ನ ಚಿಂತೆಯೇ ಬೇರೆ. ನಾನು ಗಣಿತದ ಗುರೂಜಿ. ಎಷ್ಟೇ ಬಚ್ಚಿಟ್ಟರೂ ವಿದ್ಯೆ ಎಲ್ಲಾದರೂ ಹಣಿಕಿಬಿಟ್ಟರೆ ಮಗಳ ಗತಿಯೇನು? ಆದರೂ ಗೊತ್ತಿದ್ದೂ ತಪ್ಪು ಬರೆಯಲು ಮನಸ್ಸು ಒಪ್ಪಲಿಲ್ಲ. ಸರಿಯಾದ ಉತ್ತರ ಬರೆದು, ಆಮೇಲೆ ಕೈಮುಗಿದು ಬೇಡಿಕೊಳ್ಳೋಣವೆಂದು ನಿಶ್ಚಯಿಸಿದೆ.

ಪ್ರಶ್ನೆ ಬಂತು. ಒಂದು ಲಾಡ್ಜು. ಅದರಲ್ಲಿ ಕೊನೆಯೇ ಇಲ್ಲದಷ್ಟು ಕೋಣೆಗಳು. ಎಲ್ಲವೂ ಭರ್ತಿ. ಆಗ ಹೊಸದಾಗಿ ಒಬ್ಬ ಅತಿಥಿ ಬಂದ. ಇದ್ದವರನ್ನು ಯಾರನ್ನೂ ಹೊರಗೆ ಹಾಕದೆ ಅವನಿಗೆ ಜಾಗ ಮಾಡುವುದು ಹೇಗೆ?

ಅಯ್ಯೋ, ಇಷ್ಟೇನಾ ಎನ್ನಿಸಿತು. ಮೀಸೆ ತೀಡಿಕೊಂಡು ಹಿಂದಿಯಲ್ಲಿ ಬರೆದೆ. 'ಬಂದವರನ್ನು ಲಾಡ್ಜಿಗೆ ಯಾಕೆ ಕಳಿಸುತ್ತೀರಿ? ನಮ್ಮ ಮನೆಗೆ ಕರೆದುಕೊಂಡು ಬನ್ನಿ. ಪಡಸಾಲೆಯಲ್ಲಿ ಹಾಸಿಗೆ ಹಾಕಿಸುತ್ತೇನೆ. ರೊಟ್ಟಿ, ಶೇಂಗಾ ಹಿಂಡಿ ಇದೆ. ಖಾರ ನಡೆಯುತ್ತದೋ ಇಲ್ಲವೋ ಮೊದಲೇ ತಿಳಿಸಿ. ಅಂದಹಾಗೆ ಅವರು ಯಾವ ಊರವರು?'

ಮಗಳು ಮುಖಕ್ಕೆ ಎರಡೂ ಕೈ ಮುಚ್ಚಿಕೊಂಡಳು. ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ. ಪರದೆಯ ಮೇಲೆ ಮುರುಕು ಪಟ್ಟಿ ಬಹಳ ಹೊತ್ತು ಏನನ್ನೋ ಬರೆಯುವುದೂ ಅಳಿಸುವುದೂ ಮಾಡಿ, ಕಡೆಗೆ ಇಷ್ಟು ಹೇಳಿದ: 'ಸಿದ್ಧವಾಯಿತು. ಇದನ್ನು ನಟಿಸಲು ಸಾಧ್ಯವಿಲ್ಲ. ಎರಡನೇ ಬೆಂಚು ಒಳಗೆ ಬರಬಹುದು.' ಅದರ ಕೆಳಗೆ ಹಳೇ ಛತ್ರಿಯವರು, 'ಅಂಕಲ್, ಊರು ಹೇಳುವುದಿಲ್ಲ. ಊಟಕ್ಕೆ ಮಾತ್ರ ಬರುತ್ತೇನೆ. ಖಾರ ನಡೆಯುತ್ತದೆ' ಎಂದು ಬರೆದಿದ್ದರು.

ಒಂದನೇ ಕೋಣೆಯವನನ್ನು ಎರಡಕ್ಕೆ, ಎರಡರವನನ್ನು ಮೂರಕ್ಕೆ, ಹೀಗೆ ಎಲ್ಲರನ್ನೂ ಒಂದೊಂದು ಮುಂದೆ ಸರಿಸಿದರೆ ಮೊದಲನೇ ಕೋಣೆ ಖಾಲಿಯಾಗುತ್ತದೆ, ಅದು ಸರಿಯಾದ ಉತ್ತರವೆಂದು ಮಗಳು ಆಮೇಲೆ ತಿಳಿಸಿದಳು. ಕೇಳಿ ದಂಗಾದೆ. ಬಂದವನು ಒಬ್ಬ. ಅವನ ಸಲುವಾಗಿ ಅಷ್ಟೂ ಮಂದಿಯನ್ನು ಎಬ್ಬಿಸಿ ಗಂಟುಮೂಟೆ ಹೊರಿಸುವುದು ಇವರ ಉಚ್ಚ ಗಣಿತವಂತೆ! ನನ್ನ ಉತ್ತರದಲ್ಲಿ ಒಬ್ಬನಾದರೂ ಹಾಸಿಗೆ ಬಿಟ್ಟು ಎದ್ದಿದ್ದನೇ? ಎಷ್ಟು ವಾದಿಸಿದರೂ ಮಗಳು ಅಂಕ ಕೊಡಲಿಲ್ಲ.

ರವಿವಾರದ ಪರೀಕ್ಷೆ ಬರೆದಳು. ಅದರಲ್ಲಿ ಎಡವಿದ್ದನ್ನೆಲ್ಲ ಗುಂಪಿನವರು ತಿದ್ದಿದರು. ನಿಜವಾದ ಪರೀಕ್ಷೆಯನ್ನೂ ಬರೆದಳು. ನಿಕಾಲ, ಅಂದರೆ ಫಲಿತಾಂಶ, ಬಂದ ದಿನ ಅವಳು ಪಾಸಾದದ್ದನ್ನೂ ಒಳ್ಳೆಯ ಸಂಸ್ಥೆಯಲ್ಲಿ ಸೀಟು ಸಿಕ್ಕಿದ್ದನ್ನೂ ನೋಡಿ ನಾನು ಓಣಿಯ ತುಂಬ ಪೇಢೆ ಹಂಚಿದೆ.

ನಮ್ಮ ಶಾಲೆಯಲ್ಲಿ ಅವಳಿಗೆ ಸತ್ಕಾರ ಇಟ್ಟುಕೊಂಡರು. ಮಕ್ಕಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ಕೂರಿಸಿದ್ದರು. ಸುತ್ತಲಿನ ಶಾಲೆಗಳ ಮೇಲಿನ ಸಾಹೇಬರಾದ ಕೇಂದ್ರಪ್ರಮುಖರು ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಮೈಕು ಹಿಡಿದು ನನ್ನ ಕಡೆ ಕೈ ತೋರಿಸಿದರು. "ಮನ್ಯಾಗ ಗಣಿತದ ಗುರೂಜಿ ಇದ್ದ ಮ್ಯಾಲ ಮಗಳಿಗೆ ಏನ ಕಡಿಮಿ ರೀ? ಎಲ್ಲಾ ನೀವ ಕಲಿಸಿರಬೇಕಲ್ಲ, ಗುರೂಜಿ?" ಎಂದರು. ನಾನು ತಲೆ ತಗ್ಗಿಸಿ, ಹೌದೆಂದೇ ಎಲ್ಲರಿಗೂ ತಿಳಿಯುವಂಥ ದನಿಯಲ್ಲಿ, "ಹಂಗೇನಿಲ್ರಿ ಸಾಹೇಬ್ರ" ಎಂದೆ.

ಮಗಳು ಮೈಕು ಇಸಿದುಕೊಂಡಳು.

"ಖರೇನ ಹಂಗೇನಿಲ್ರಿ ಸರ್. ನಮ್ಮಪ್ಪಗ ಗಣಿತ ಬರೂದಿಲ್ಲ. ದೇಶದ ತುಂಬ ಸಿದ್ಧ ಆಗೇತ್ರಿ. ಅದು ಸಿದ್ಧ ಆಗಿದ್ದಕ್ಕ ನಾ ಪಾಸ್ ಆಗೀನಿ."

ಏಳನೇ ಇಯತ್ತೆಯವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಮರುದಿನ ಮೊದಲನೇ ತಾಸಿಗೆ ಅವರಿಗೆ ನನ್ನದೇ ಗಣಿತ ಇತ್ತು.