ಲಾಳಿಯಂತೆ ಹೋಗಿ ಬರುವ ಕತ್ತಿ

ನಮ್ಮ ಕಾಕಾನಷ್ಟು ಹುಲ್ಲನ್ನು ಪ್ರೀತಿಸುವ ಪ್ರಾಣಿ ಕೃಷ್ಣೆಯ ಎರಡೂ ದಂಡೆಗಳಲ್ಲಿ ಇನ್ನೊಂದಿಲ್ಲ. ಎಮ್ಮೆಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ಸುತ್ತ ಕಣ್ಣು ಹಾಯುವಷ್ಟೂ ಕಬ್ಬು ನಿಂತಿರುವಾಗ, ಗಲಗಲಿ ಹತ್ತಿರದ ತನ್ನ ಆರೂ ಎಕರೆಗೆ ಈ ಮನುಷ್ಯ ಹುಲ್ಲು ಬಿಟ್ಟಿದ್ದಾನೆ. ಯಾಕೆಂದು ಕೇಳಿದರೆ, "ಕಬ್ಬಿನಾಗ ನಿಂತ್ರ ನಾನ ನನಗ ಕಾಣೂದಿಲ್ಲ. ಹುಲ್ಲ ನೋಡ, ಮಗ್ಗದಿಂದ ಈಗ ಇಳಿಸಿದ ಅರಿವಿ ಹಾಸಿದಂಗ ಐತಿ" ಎನ್ನುತ್ತಾನೆ.

ಅರಿವೆಯ ಮಾತು ಸುಮ್ಮನೆ ಬಂದದ್ದಲ್ಲ. ಹೊಲಕ್ಕೆ ಬರುವ ಮೊದಲು ಕಾಕಾ ಮೂವತ್ತು ವರ್ಷ ಬನಹಟ್ಟಿಯಲ್ಲಿ ಪಾವರ್‌ಲೂಮ್ ನಡೆಸಿದವ. ಮಗ್ಗ ಓಡುತ್ತಿರುವಾಗಲೇ ಕೈ ಹಾಕಿ ಹರಿದ ಎಳೆಗೆ ಗಂಟು ಬಿಗಿಯುವುದು ಅವನ ದೊಡ್ಡ ಹೆಮ್ಮೆ. ಲಾಳಿ ಅತ್ತ ಹೋಗಿ ಇತ್ತ ಬರುವುದರೊಳಗೆ ಕೈ ಒಳಗೆ, ಕೈ ಹೊರಗೆ! "ಮಗ್ಗ ನಿಲ್ಲಸಾಂವ ನೇಕಾರನ ಅಲ್ಲ" ಎಂಬುದು ಅವನ ಸಿದ್ಧಾಂತ. ಅಂಥ ಹೊತ್ತಿನಲ್ಲಿ ಅವನ ಹೆಂಡತಿ, ನಮ್ಮ ಕಾಕು, ಒಲೆಯ ಮೇಲಿನದನ್ನು ಬಿಟ್ಟಾದರೂ ಬಂದು ಮಗ್ಗದ ಪಕ್ಕ ನಿಲ್ಲುತ್ತಿದ್ದಳು. ಗಂಡನ ಕಸುಬು ನೋಡಿ ಖುಷಿಪಡುತ್ತಾಳೆ ಎಂದು ನಾವೆಲ್ಲ ತಿಳಿದಿದ್ದೆವು.

ಇದನ್ನು ನಗುನಗುತ್ತಲೇ ಬರೆದು ಮುಗಿಸಬೇಕೆಂದು ಕುಳಿತಿದ್ದೇನೆ. ಆದರೆ ಈಗ ದೂರದಲ್ಲೆಲ್ಲೋ ಟ್ರ್ಯಾಕ್ಟರ್ ಸಪ್ಪಳ ಕೇಳಿದರೂ ನನ್ನ ಬೆರಳು ನಿಂತುಬಿಡುತ್ತವೆ. ಇರಲಿ, ಮೊದಲು ನಗುವ ಭಾಗ ಹೇಳುತ್ತೇನೆ.

ಕುಡುಗೋಲಿನಿಂದ ಆರು ಎಕರೆ ಕೊಯ್ಯುವುದು ಆಗದ ಮಾತೆಂದು ಕಾಕಾ ಒಂದು ಹಳೆಯ ಟ್ರ್ಯಾಕ್ಟರ್ ತಂದ. ಅಂದು ಕಾಕು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಬಂದ್ ಮಾಡೂದ ಎಲ್ಲಿ?"

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡ್ರ್ಯೋ ಈಕೀನ! ಇನ್ನಾ ಚಾಲೂನ ಮಾಡಿಲ್ಲ, ಬಂದ್ ಮಾಡಾಕ ನಿಂತಾಳ!"

ಆದರೂ ತೋರಿಸಿದ. ಸ್ಟೇರಿಂಗಿನ ಕೆಳಗೆ ಎಳೆಯುವ ಒಂದು ಕರಿ ಗುಂಡಿ. ಕಾಕು ಎರಡು ಸಲ ಎಳೆದು ನೋಡಿ ಒಳಗೆ ಹೋದಳು.

ಇನ್ನು ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಹುಲ್ಲು ಕೊಯ್ಯುವ ಯಂತ್ರದ ಆಯ್ಕೆ. ನನ್ನ ಮದುವೆಗೆ ವರ ನೋಡುವಾಗಲೂ ಈ ಮನುಷ್ಯ ಇಷ್ಟು ತಿರುಗಾಡಿರಲಿಲ್ಲ! ಮಹಾಲಿಂಗಪುರದ ಅಂಗಡಿಗೆ ಏಳು ಸಲ ಹೋದ. ಪ್ರತಿ ಸಲವೂ ಕತ್ತಿಯ ಅಂಚಿನ ಮೇಲೆ ಉಗುರು ಎಳೆದು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ ಬಂದ. ಕೊನೆಗೆ ಅಂಗಡಿಯವನೇ ಕೈ ಮುಗಿದ. "ಕಾಕಾರ, ನೀವು ಮಷಿನ್ ತೊಗೊಳ್ಳಾಕ ಬಂದೀರೋ, ಸೀರಿ ತೊಗೊಳ್ಳಾಕ ಬಂದೀರೋ?"

"ಸೀರಿ ಆಗಿದ್ರ ಒಂದ ಸಲಕ್ಕ ಹೇಳ್ತಿದ್ನಪಾ. ನಿನ್ನ ಮಷಿನ್ ಹೊಲದಾಗ ನೇಯ್ದು ತೋರಸು."

ಪಾಪ, ಅವನು ಮೂರು ಯಂತ್ರ ಹೊಲಕ್ಕೇ ತಂದ. ತೀರ್ಪು ಕೊಡುವವಳು ಯಾರು ಗೊತ್ತೇ? ಮನೆಯ ಎಮ್ಮೆ! ಮೊದಲನೆಯದರಲ್ಲಿ ಒಂದು ಉರುಳೆಗೆ ತೂಗುಬಿಟ್ಟ ಸಣ್ಣ ಕತ್ತಿಗಳು. ಅದು ಹುಲ್ಲನ್ನು ಬಡಿದು ಪುಡಿ ಮಾಡಿತು. ಎಮ್ಮೆ ಮೂಸಿ ಒಂದು ಸೀನು ಸೀನಿತು. "ಇದು ಹುಲ್ಲ ಕೊಯ್ಯೂದಿಲ್ಲೋ, ಮಸಾಲಿ ಅರೀತೈತಿ" ಎಂದು ಕಾಕಾ ಅದನ್ನು ತಿರುಗಿ ಕಳಿಸಿದ. ಎರಡನೆಯದು ಫ್ಯಾನಿನಂತೆ ಅಡ್ಡಡ್ಡ ತಿರುಗುವುದು. ಅದು ಎಲ್ಲಿಂದಲೋ ಒಂದು ಕಲ್ಲು ಹುಡುಕಿ ಕಾಕಾನ ತಲೆಯ ಮೇಲಿಂದ ಹಾರಿಸಿ ಶೆಡ್ಡಿನ ತಗಡು ತೂತು ಮಾಡಿತು. ಅಂಗಡಿಯವನೇ ಅದನ್ನು ಲಗುಬಗೆಯಿಂದ ಬಿಚ್ಚಿದ.

ಮೂರನೆಯದು ಟ್ರ್ಯಾಕ್ಟರಿನ ಬದಿಗೆ ಚಾಚಿದ ಉದ್ದನೆಯ ಪಟ್ಟಿ. ಅದರೊಳಗೆ ಹಲ್ಲುಹಲ್ಲಿನ ಕತ್ತಿ ಎಡಕ್ಕೆ ಬಲಕ್ಕೆ ಸರಿದಾಡುತ್ತದೆ. ಹುಲ್ಲು ನಿಂತಲ್ಲೇ ನೀಟಾಗಿ ಮಲಗಿತು. ಕಾಕಾನ ಮುಖ ನೋಡಬೇಕಿತ್ತು! "ಏ, ಲಾಳಿ ಹೋಗಿ ಬಂದಂಗ ಬರಾಕತ್ತೈತಲ್ಲೋ! ಇದ ಸಾಕು."

"ಹಸಿ ಹುಲ್ಲಿಗೆ ಸಿಗಬೀಳತೈತ್ರಿ" ಎಂದ ಅಂಗಡಿಯವ. "ಆವಾಗ ಎಂಜಿನ್ ಪೂರಾ ಬಂದ್ ಮಾಡೇ ಕೈ ಹಾಕ್ರಿ. ಖರೆ ಹೇಳಾಕತ್ತೀನಿ."

"ನನಗ ಹೇಳತೀಯೇನಲೇ?" ಎಂದ ಕಾಕಾ. ಕಾಕು ಶೆಡ್ಡಿನ ಗೋಡೆಗೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು.

ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಶಕ್ತಿ ಒಯ್ಯುವ, ಗಿರ್ರನೆ ತಿರುಗುವ ಒಂದು ಶಾಫ್ಟ್ ಇರುತ್ತದೆ. ಅದರ ಮೇಲೊಂದು ಪ್ಲಾಸ್ಟಿಕ್ ಕವರ್. ಎರಡನೆಯ ದಿನವೇ ಕಾಕಾ ಅದನ್ನು ಕಿತ್ತು ಮೂಲೆಗೆ ಒಗೆದ. "ಮುಚ್ಚಿಟ್ರ ಸಪ್ಪಳ ಹೆಂಗ ತಿಳೀಬೇಕ?" ನಾನು ಬಿ.ಎಸ್ಸಿ. ಓದಿದವಳು, ತಿರುಗುವ ದಂಡದ ಬಲವನ್ನು ಪರೀಕ್ಷೆಯಲ್ಲಿ ಲೆಕ್ಕ ಮಾಡಿ ಅಂಕ ತೆಗೆದುಕೊಂಡವಳು. ಅಂದು ನಾನೂ ನಕ್ಕೆ.

ಆ ಬೆಳಿಗ್ಗೆ ಹುಲ್ಲು ಇಬ್ಬನಿಗೆ ಒದ್ದೆಯಾಗಿತ್ತು. ಮೂರನೆಯ ಸಾಲಿಗೆ ಕತ್ತಿ ಸಿಕ್ಕಿಬಿತ್ತು. ನಾನು ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದೆ. ಕಾಕಾ ಎಂಜಿನ್ ನಿಧಾನ ಮಾಡಿದ, ಆರಿಸಲಿಲ್ಲ. ಇಳಿದು ಹಿಂದೆ ಬಂದ. ಶಾಫ್ಟಿನ ಮೇಲಿಂದ ಬಾಗಿ ಕತ್ತಿಯ ಕಡೆ ಕೈ ಚಾಚಿದ, ಥೇಟ್ ಎಳೆ ಕಟ್ಟುವ ಹಾಗೆ. ಕುತ್ತಿಗೆಗೆ ಒಂದು ಸುತ್ತು ಹಾಕಿಕೊಂಡಿದ್ದ ಟಾವೆಲ್ಲು, ಅವನೇ ನೇಯ್ದದ್ದು, ಜಾರಿ ಕೆಳಗೆ ತೂಗಿತು. ಅದರ ತುದಿ ಶಾಫ್ಟನ್ನು ಮುಟ್ಟಿದ್ದನ್ನು ನಾನು ಮೊಬೈಲಿನೊಳಗೆ ನೋಡಿದೆ. ಕೂಗಲಿಲ್ಲ. ಓಡಲಿಲ್ಲ. ಹಿಡಿದ ಮೊಬೈಲ್ ಹಿಡಿದೇ ಇದ್ದೆ.

ಟಾವೆಲ್ಲು ಒಂದು ಸುತ್ತು ಸುತ್ತಿತು. ಕಾಕಾನ ತಲೆಯನ್ನು ಕೆಳಗೆ ಎಳೆಯಿತು. ಇನ್ನೊಂದು ಸುತ್ತು. ಕಾಕಾನ ಮೊಣಕಾಲು ನೆಲಕ್ಕೆ ಬಡಿಯಿತು.

ಅಷ್ಟರಲ್ಲಿ ಸಪ್ಪಳ ನಿಂತಿತು.

ಕಾಕಾನ ಗಲ್ಲಕ್ಕೂ ಶಾಫ್ಟಿಗೂ ನಡುವೆ ಒಂದು ಗೇಣು ಉಳಿದಿತ್ತು. ನಾನು ಓಡಿ ಹೋಗಿ ಟಾವೆಲ್ಲು ಬಿಡಿಸಿದೆ. ಕುತ್ತಿಗೆಯ ಮೇಲೆ ಕೆಂಪು ಬರೆ. ಕೆಮ್ಮಿ, ಉಸಿರು ತಿರುಗಿಸಿಕೊಂಡು ಆ ಮಹಾಶಯ ಆಡಿದ ಮೊದಲ ಮಾತು: "ನೋಡಬೇ... ಹರೀಲಿಲ್ಲ ನಮ್ಮ ಅರಿವಿ!"

ಅಳಬೇಕೋ ನಗಬೇಕೋ ಹೇಳಿ!

ಆಮೇಲೆ ನನಗೆ ಹೊಳೆಯಿತು. ಎಂಜಿನ್ ಆರಿಸಿದವರು ಯಾರು? ತಲೆ ಎತ್ತಿ ನೋಡಿದೆ. ಬುತ್ತಿಗಂಟು ನೆಲದ ಮೇಲೆ ಉರುಳಿ ಬಿದ್ದಿತ್ತು. ಕಾಕು ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕರಿ ಗುಂಡಿಯನ್ನು ಪೂರ್ತಿ ಎಳೆದು ಹಿಡಿದು ನಿಂತಿದ್ದಳು.

"ಕಾಕು, ಟಾವೆಲ್ಲ ಸಿಕ್ಕಿದ್ದು ನಿನಗ ಅಲ್ಲಿಂದ ಹೆಂಗ ಕಾಣಸ್ತು?"

"ಟಾವೆಲ್ಲ ಯಾರ ನೋಡ್ಯಾರ?" ಅಂದಳು. ದನಿ ಒಡೆದಿತ್ತು. "ಅವ್ರು ಕೆಳಗ ಇಳದಾಗನ ನಾ ಓಡಿ ಬಂದ್ನಿ. ಕೈ ಚಾಚಿದ ಕೂಡ್ಲೇ ಜಗ್ಗಿದ್ನಿ. ಮೂವತ್ತ ವರ್ಸ ಮಗ್ಗದ ಮುಂದ ಮತ್ತೇನ ಮಾಡೀನಿ? ಅವ್ರು ಕೈ ಒಳಗ ಹಾಕಿದಾಗೆಲ್ಲಾ ನಾ ಮಗ್ಗ ಬಂದ್ ಮಾಡೂ ಹ್ಯಾಂಡಲ್ ಮ್ಯಾಲ ಕೈ ಇಟ್ಟ ನಿಂತೀನಿ."

ಕಾಕಾ ನೆಲದ ಮೇಲೆ ಕುಳಿತೇ ಇದನ್ನು ಕೇಳಿದ. ಆಮೇಲೆ ಟೈರು ಹಿಡಿದು ಎದ್ದು, ಕುಂಟುತ್ತಾ ಅವಳ ಹತ್ತಿರ ಹೋದ.

"ಕೈ ತಗಿ ಇನ್ನ," ಅಂದ. "ನಿಂತೈತಿ."

"ಬರವಲ್ತು," ಅಂದಳು ಕಾಕು. ಬೆರಳು ಗುಂಡಿಯ ಸುತ್ತ ಬಿಗಿದುಕೊಂಡು ಬೆಳ್ಳಗಾಗಿದ್ದವು.

ಕಾಕಾ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. ಸಿಕ್ಕುಬಿದ್ದ ನೂಲನ್ನು ಎಳೆ ಹರಿಯದ ಹಾಗೆ ಬಿಡಿಸುವಂತೆ, ಒಂದೊಂದೇ ಬೆರಳನ್ನು ಬಿಡಿಸತೊಡಗಿದ.