ಹತ್ತಕ್ಕೆ ಹತ್ತು ಬೇಡ ಅಂದ ಮನೆ

ನಾಲ್ಕು ಜನ ಬಂದುಹೋಗುವ ಮನೆಯಲ್ಲಿ ನಗೆಯ ಪ್ರಸಂಗಗಳಿಗೆ ಬರವಿಲ್ಲ. ಅದರಲ್ಲೂ ಮನೆಯ ಬಾಗಿಲನ್ನು ಫೋನಿನೊಳಗೆ ಇಡೀ ಲೋಕಕ್ಕೆ ತೆರೆದಿಟ್ಟರೆ ಕೇಳುವುದೇ ಬೇಡ. ನಾನು ಮಗ್ಗೆ ಕಡೆಯವನು. ಮಾರನಹಳ್ಳಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿ ಆಳುಗಳ ಹಾಜರಿ ಹಾಕಿದವನು. ವಯಸ್ಸಾದ ಮೇಲೆ ಅದೇ ಎಸ್ಟೇಟಿನ ಹೋಂಸ್ಟೇ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೊದಲು ಆಳುಗಳನ್ನು ಎಣಿಸುತ್ತಿದ್ದೆ, ಈಗ ಅತಿಥಿಗಳನ್ನು ಎಣಿಸುತ್ತೇನೆ. ಆಳುಗಳೇ ಹೆಚ್ಚು ಬರುತ್ತಿದ್ದರು ಅನ್ನುವುದು ಬೇರೆ ಮಾತು.

೧. ಎಲ್ಲ ದೇಶಗಳೂ ಗೈರುಹಾಜರು

ನಮ್ಮ ಹೋಂಸ್ಟೇ ಅಂದರೆ ನಾಲ್ಕು ಕೋಣೆ. ಹಿಂದೆ ಅಲ್ಲಿ ಕಾಫಿ ಮೂಟೆ ಇಡುತ್ತಿದ್ದರು. ವಾರದ ಕೊನೆಗೆ ಬರುತ್ತಿದ್ದ ಗುಂಪುಗಳು ಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರ್ ತಂದು ಕುಣಿಯುತ್ತಿದ್ದವು. ಒಂದು ಸಲ ಮೆಣಸಿನ ಬಳ್ಳಿ ಹಿಡಿದು ಜೋಕಾಲಿ ಆಡಿದರು. ಅವತ್ತು ಎಸ್ಟೇಟಿನ ಒಡತಿ ಅಮ್ಮಾವ್ರು ನನ್ನನ್ನು ಕರೆದು ಹೇಳಿದರು:

"ಸಾಕಾಗೋಯ್ತು ರೈಟ್ರೇ. ಹೂಮಳೆ ಬೀಳೋದ್ರೊಳಗೆ ಮರ್ಯಾದಸ್ತರು ಬರೋ ಹಂಗೆ ಏನಾರ ಮಾಡಿ. ಇಲ್ಲಾಂದ್ರೆ ರೂಮಿಗೆಲ್ಲ ಮತ್ತೆ ಮೂಟೆ ತುಂಬಿ ಬೀಗ ಹಾಕ್ಬುಡ್ತೀನಿ."

ಹೂಮಳೆ ಅಂದರೆ ಬೇಸಿಗೆಯ ಶುರುವಿಗೆ ಬಿದ್ದು ಕಾಫಿ ಹೂ ಅರಳಿಸುವ ಮಳೆ. ಅದಕ್ಕೆ ಇನ್ನು ಐದು ತಿಂಗಳಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು ಈ ಮಾತು ಕೇಳಿಸಿಕೊಂಡವಳು ನಮ್ಮ ಅಡುಗೆ ಅಕ್ಕ. ಕೂಲಿಯವರ ಲೈನು ಮನೆಗಳ ಸಾಲಿನಲ್ಲಿ ಒಬ್ಬಳೇ ಇರುವವಳು. ಮಂಡಿ ನೋವು ಬಂದು ಕಾಫಿ ಹಣ್ಣು ಕುಯ್ಯಲಾಗದೆ ಒಲೆ ಮುಂದೆ ಬಂದವಳು. ಅಮ್ಮಾವ್ರು ಆಚೆ ಹೋದ ಮೇಲೆ ಮೆಲ್ಲಗೆ ಕೇಳಿದಳು, "ಮೂಟೆಗೆ ಅಡುಗೆ ಬೇಕಾಗಲ್ಲ ಅಲ್ವಾ ರೈಟ್ರೇ?"

ಪಕ್ಕದ ತೋಟದ ಡಾಕ್ಟರಮ್ಮನ ಹತ್ತಿರ ಹೋದೆ. ಮಂಗಳೂರಿಂದ ಬಂದು ನೆಲೆಸಿದ ಮನೆತನ ಅವರದು. ದೇಶ ವಿದೇಶ ಕಂಡವರು. "ಇಡೀ ಲೋಕಕ್ಕೆ ಒಂದೇ ಬೋರ್ಡು ಹಾಕಿದರೆ ಹೇಗೆ ಮಾರಾಯ್ರೆ?" ಅಂದರು. "ಜರ್ಮನಿಯವರು ಬುಕ್ ಮಾಡುವ ಸೈಟ್ ಬೇರೆ, ಜಪಾನಿನವರದ್ದು ಬೇರೆ. ಅವರವರು ನೋಡುವಲ್ಲಿ, ಅವರವರ ಭಾಷೆಯಲ್ಲಿ, ಅವರಿಗೆ ಬೇಕಾದ್ದನ್ನು ಹಾಕಬೇಕು."

ನನಗೆ ಥಟ್ಟನೆ ಅರ್ಥವಾಯಿತು. ಆಲೂರು ಸಂತೆಗೆ ಒಯ್ಯುವ ಸರಕು ಬೇರೆ, ಸಕಲೇಶಪುರದ ಸಂತೆಗೆ ಒಯ್ಯುವುದು ಬೇರೆ. ಅವರೇ ಪಕ್ಕದಲ್ಲಿ ಕೂತು ಮೂರು ನಾಲ್ಕು ದೇಶದ ಸೈಟುಗಳಲ್ಲಿ ನಮ್ಮ ಮನೆ ಸೇರಿಸಿಕೊಟ್ಟರು. ನಾನು ಹಳೆ ಹಾಜರಿ ಪುಸ್ತಕದಲ್ಲಿ ದೇಶಕ್ಕೊಂದು ಪುಟ ಮಾಡಿ ದಿನವೂ ಗುರುತು ಹಾಕುತ್ತಾ ಹೋದೆ. ತಿಂಗಳಾದ ಮೇಲೆ ಅಮ್ಮಾವ್ರು ಪುಸ್ತಕ ತೆಗೆದು ನೋಡಿದರು. ಜರ್ಮನಿ ಗೈರುಹಾಜರು, ಜಪಾನ್ ಗೈರುಹಾಜರು, ಫ್ರಾನ್ಸ್ ಗೈರುಹಾಜರು.

"ಇಷ್ಟೊಂದು ದೇಶ ಒಟ್ಟಿಗೇ ರಜ ಹಾಕ್ಬುಟ್ರೆ ಎಸ್ಟೇಟ್ ನಡಿಯೋದು ಹೆಂಗ್ರೀ?" ಅಂದರು.

೨. ಜಿಗಣೆ ಎಲ್ಲಿ?

ಜರ್ಮನಿಯ ಸೈಟಿನಲ್ಲಿ ಒಂದು ಪ್ರಶ್ನೆ ಇತ್ತು. ಅತಿಥಿಗೆ ತೊಂದರೆ ಆಗಬಹುದಾದ್ದು ಏನೇನಿದೆ, ಮುಚ್ಚುಮರೆ ಇಲ್ಲದೆ ತಿಳಿಸಿ. ಮೂವತ್ತು ವರ್ಷ ಸುಳ್ಳು ಹಾಜರಿ ಹಾಕದ ಕೈ ನನ್ನದು. ಕರೆಂಟು ಹೋಗುತ್ತದೆ, ರಸ್ತೆಗೆ ಆನೆ ಬರುತ್ತದೆ, ಫೋನು ಸಿಗುವುದು ನೀರಿನ ಟ್ಯಾಂಕಿನ ಮೇಲೆ ಮಾತ್ರ, ಜಿಗಣೆ ಇದೆ ಎಂದು ಎಲ್ಲವನ್ನೂ ಬರೆದೆ.

ಅಮ್ಮಾವ್ರಿಗೆ ಗೊತ್ತಾಗಿ ಕೆಂಡವಾದರು. "ಹೆಣ್ಣು ನೋಡಕ್ಕೆ ಬಂದೋರ ಮುಂದೆ ಹುಡುಗಿಗೆ ಗೂರಲು ಐತೆ ಅಂತ ಯಾರಾರ ಹೇಳ್ತಾರೇನ್ರೀ?"

ಆಶ್ಚರ್ಯ ಅಂದರೆ ಮೊದಲು ಬುಕ್ ಆಗಿದ್ದು ಆ ಸೈಟಿನಲ್ಲೇ. ಡಿಸೆಂಬರಿನಲ್ಲಿ ಅರವತ್ತು ದಾಟಿದ ಗಂಡ ಹೆಂಡತಿ ಬಂದರು. ಕೈಯಲ್ಲಿ ನಾನು ಬರೆದದ್ದರ ಪ್ರತಿ. ಕರೆಂಟು ಹೋಯಿತು, ಅದಕ್ಕೊಂದು ಗುರುತು. ದೂರದಲ್ಲಿ ಆನೆ ಘೀಳಿಟ್ಟಿತು, ಅದಕ್ಕೂ ಒಂದು ಗುರುತು. ನಾಲ್ಕನೇ ದಿನ ಆತ ನನ್ನ ಮುಂದೆ ಕಾಗದ ಹಿಡಿದು ಗಂಭೀರವಾಗಿ ಕೇಳಿದ, "ಜಿಗಣೆ ಎಲ್ಲಿ?"

ಡಿಸೆಂಬರಿನ ಬಿಸಿಲಲ್ಲಿ ಜಿಗಣೆ ಎಲ್ಲಿಂದ ತರಲಿ? ಬರೆದು ಕೊಟ್ಟ ಮೇಲೆ ತೋರಿಸದಿದ್ದರೆ ಮೋಸವಲ್ಲವೇ? ನಾನೂ ಅಡುಗೆ ಅಕ್ಕನೂ ಹಳ್ಳದ ದಂಡೆಯ ಕೊಳೆತ ಎಲೆಗಳಲ್ಲಿ ಅರ್ಧ ದಿನ ಕೆದಕಿದೆವು. ಕೊನೆಗೆ ಬಡಕಲು ಜಿಗಣೆಯೊಂದು ಅವಳ ಕಾಲಿಗೇ ಹತ್ತಿತು. ಅದನ್ನು ಕೀಳದೆ, ಕುಂಟಿಕೊಂಡೇ ಬಂದು ಅವರ ಮುಂದೆ ಕಾಲು ಚಾಚಿದಳು. ಗಂಡ ಫೋಟೋ ತೆಗೆದ. ಹೆಂಡತಿ "ಅಯ್ಯೋ" ಅನ್ನುವ ಹಾಗೆ ಏನೋ ಹೇಳಿ, ಓಡಿ ಬಂದು ತನ್ನ ಕರವಸ್ತ್ರದಿಂದ ಅವಳ ಕಾಲು ಒರೆಸಿದಳು.

"ಜಿಗಣೆ ಹತ್ಲಪ್ಪಾ ಅಂತ ದೇವ್ರಿಗೆ ಹರಕೆ ಕಟ್ಕೊಂಡೋಳು ಈ ಸೀಮೇಲಿ ನಾನೊಬ್ಳೇ ಕಣ್ರೀ" ಅಂದಳು ಅಡುಗೆ ಅಕ್ಕ.

೩. ಬೀದಿ ಕಡೆ ತಿರುಗಿದ ಚಪ್ಪಲಿಗಳು

ಜಪಾನಿನ ಸೈಟಿನವರಿಗೆ ಬಚ್ಚಲುಮನೆಯದೇ ಚಿಂತೆ. ಕೋಣೆಯ ಫೋಟೋ ಎರಡು ಸಾಕು, ಬಚ್ಚಲಿನದು ಎಂಟು ಬೇಕು ಅಂದರು. ನಮ್ಮ ಬಚ್ಚಲಿನಲ್ಲಿ ಇರುವುದೇ ಒಂದು ತಾಮ್ರದ ಹಂಡೆ, ಕೆಳಗೆ ಒಲೆ. ಎಂಟು ದಿಕ್ಕಿನಿಂದ ಆ ಹಂಡೆಯನ್ನೇ ತೆಗೆದು ಹಾಕಿದೆ. ಹಂಡೆ ನೋಡಿಕೊಂಡೇ ಒಬ್ಬ ವಯಸ್ಸಾದವರು ಬಂದರು. ಮೆತ್ತಗಿನ ಮನುಷ್ಯ. ದಿನಕ್ಕೆರಡು ಸಲ ಹಂಡೆ ಖಾಲಿ ಮಾಡಿ, ಅದಕ್ಕೂ ಒಂದು ನಮಸ್ಕಾರ ಮಾಡಿ ಬರುತ್ತಿದ್ದರು.

ಮೂರನೆಯ ದಿನ ಸಂಜೆ ಅಮ್ಮಾವ್ರು ಜಗಲಿಗೆ ಬಂದು ಗಕ್ಕನೆ ನಿಂತರು. ಮನೆ ಮಂದಿಯ ಚಪ್ಪಲಿಗಳೆಲ್ಲ ಸಾಲಾಗಿ ಬೀದಿ ಕಡೆ ಮುಖ ಮಾಡಿ ಕೂತಿದ್ದವು.

"ಏನ್ ರೈಟ್ರೇ ಇದು? ನಮ್ ಮನೆಯಿಂದ ನಮ್ಮನ್ನೇ ಹೊರಡಿ ಅಂತಾನಾ ಆ ಯಪ್ಪ?"

ಡಾಕ್ಟರಮ್ಮ ಫೋನಿನಲ್ಲಿ ಹಾಕಿಕೊಟ್ಟಿದ್ದ, ಸಿಗ್ನಲ್ ಬೇಡದ ಅನುವಾದದಲ್ಲಿ ಅವರ ಭಾಷೆಗೆ ತಿರುಗಿಸಿ ಕೇಳಿದೆ. ಅವರು ಬಹಳ ಸಂಕೋಚಪಟ್ಟುಕೊಂಡು ಉತ್ತರ ಹೇಳಿದರು. ಅವರ ಕಡೆ ಚಪ್ಪಲಿಯನ್ನು ಹಾಗೇ ತಿರುಗಿಸಿಡುತ್ತಾರಂತೆ, ಹೊರಡುವವರಿಗೆ ಮೆಟ್ಟಲು ಸುಲಭವಾಗಲಿ ಅಂತ. "ನಿಮ್ಮ ಅಡುಗೆಯವರು ಚಪ್ಪಲಿ ತಿರುಗಿಸಿಕೊಳ್ಳಲು ಗೋಡೆ ಹಿಡಿದು ಬಗ್ಗುತ್ತಾರೆ. ಮಂಡಿ ನೋವಿರಬೇಕು. ಅವರದೊಂದೇ ತಿರುಗಿಸಿದರೆ ನಾಚಿಕೊಂಡಾರು ಅಂತ ಎಲ್ಲರದನ್ನೂ ತಿರುಗಿಸಿದೆ."

ಅಡುಗೆ ಅಕ್ಕ ಗೋಡೆ ಹಿಡಿಯುವುದನ್ನು ನಾವು ಎಷ್ಟು ವರ್ಷದಿಂದ ನೋಡುತ್ತಿದ್ದೆವೋ! ನಮಗೆ ಅದು ಕಂಡಿರಲಿಲ್ಲ, ಎರಡು ದಿನದ ಹಿಂದೆ ಬಂದವರಿಗೆ ಕಂಡಿತು. ನನಗೆ ನಾಚಿಕೆಯಾಯಿತು. ಅವರು ಊರಿಗೆ ಹೋದ ಮೇಲೂ ಅಡುಗೆ ಅಕ್ಕನ ಚಪ್ಪಲಿ ಸಂಜೆ ಹೊತ್ತಿಗೆ ಬೀದಿ ಕಡೆ ತಿರುಗಿಯೇ ಇರುತ್ತಿತ್ತು. ತಿರುಗಿಸುತ್ತಿದ್ದವರು ಅಮ್ಮಾವ್ರು. ಎಸ್ಟೇಟಿನ ಒಡತಿ ಅಡುಗೆಯವಳ ಚಪ್ಪಲಿ ಮುಟ್ಟುವುದನ್ನು ಈ ಸೀಮೆಯಲ್ಲಿ ನಾನು ಮೊದಲು ಕಂಡದ್ದು ಆಗಲೇ. ಕಂಡರೂ ಕಾಣದ ಹಾಗೆ ಇದ್ದುಬಿಟ್ಟೆ.

ತೊಂದರೆ ಆಗಿದ್ದು ನೆಂಟರಿಗೆ. ಅಮ್ಮಾವ್ರಿಗೆ ಅದೇ ರೂಢಿಯಾಗಿ ಎಲ್ಲರ ಚಪ್ಪಲಿಯನ್ನೂ ತಿರುಗಿಸತೊಡಗಿದರು. ಹಾಸನದಿಂದ ಬಂದ ಅವರ ನಾದಿನಿ ಕಾಫಿ ಕುಡಿದು ಎದ್ದು ನೋಡಿ, "ಊಟಕ್ಕೆ ಇರು ಅಂತ ಬಾಯಲ್ಲಿ ಹೇಳಿ, ಚಪ್ಪಲಿ ಕೈಲಿ ಹೊರಡು ಅನ್ನಿಸ್ತೀಯಲ್ಲ ಅತ್ತಿಗೆ!" ಅಂತ ಮುನಿಸಿಕೊಂಡು ಹೋದರು.

೪. ಹಾಜರಿ

ಬೆಳಿಗ್ಗೆ ಕೆಲಸದ ಹೊತ್ತಿಗೆ ನೇತುಹಾಕಿದ ರೈಲು ಕಂಬಿಯ ತುಂಡಿಗೆ ಬಡಿಯುವುದು ನಮ್ಮಲ್ಲಿ ಹಳೆಯ ಪದ್ಧತಿ. ಫ್ರಾನ್ಸಿನಿಂದ ಬಂದಿದ್ದ ಇಬ್ಬರು ಅದನ್ನು ತಿಂಡಿಯ ಗಂಟೆ ಅಂದುಕೊಂಡು ಬಂದು ಆಳುಗಳ ಸಾಲಿನಲ್ಲಿ ನಿಂತರು. ಸಾಲಿನಲ್ಲಿ ನಿಂತವರಿಗೆ ಹಾಜರಿ ಹಾಕುವುದು ನನ್ನ ಕೈಗೆ ಅಂಟಿದ ಚಾಳಿ, ಹಾಕಿಬಿಟ್ಟೆ. ಮೇಸ್ತ್ರಿ ಅವರ ಸೊಂಟಕ್ಕೂ ಬುಟ್ಟಿ ಕಟ್ಟಿದ. ಮಧ್ಯಾಹ್ನದವರೆಗೆ ರೋಬಸ್ಟಾ ಕಾಫಿ ಕುಯ್ದು ಬೆವರು ಸುರಿಸಿ ಬಂದರು. ಅಮ್ಮಾವ್ರು ಹಣೆ ಚಚ್ಚಿಕೊಂಡರು. ಅವರು ಮಾತ್ರ ನಗುತ್ತಾ ಅಡುಗೆ ಅಕ್ಕನ ಅಕ್ಕಿರೊಟ್ಟಿ ಏಳೇಳು ತಿಂದರು. "ಇಲ್ಲಿ ಹಸಿವು ಮಾಡಿಸಿ ತಿಂಡಿ ಕೊಡುತ್ತಾರೆ" ಎಂದು ಸೈಟಿನಲ್ಲಿ ಹೊಗಳಿ ಬರೆದರು.

ನನ್ನ ಪುಸ್ತಕದಲ್ಲಿ ಅವತ್ತು ಮೊದಲ ಸಲ ಒಂದು ಇಡೀ ದೇಶ ಆಳುಗಳ ಸಾಲಿನಲ್ಲೇ ನಿಂತು ಹಾಜರಾಗಿತ್ತು.

೫. ಹತ್ತಕ್ಕೆ ಹತ್ತು

ಹೀಗೆ ಒಬ್ಬೊಬ್ಬರಾಗಿ ಬಂದರೂ ಅಮ್ಮಾವ್ರು ಬೀಗದ ಮಾತು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಕೇಳಲು ನನಗೂ ಧೈರ್ಯವಿರಲಿಲ್ಲ. ಕುಯ್ಲು ಮುಗಿಯಿತು. ಎಸ್ಟೇಟಿನ ಉಗ್ರಾಣವಾದ ಸ್ಟೋರಿನ ಮುಂದೆ ಮೂಟೆಗಳು ಅಮ್ಮಾವ್ರ ಅಪ್ಪಣೆಗೆ ಕಾದು ಸಾಲಾಗಿ ಕೂತಿದ್ದವು. ಅಡುಗೆ ಅಕ್ಕ ಆಗಾಗ ಹೊರಗೆ ಬಂದು ಆಕಾಶ ನೋಡಿ, ಮೂಟೆ ನೋಡಿ, ಒಳಗೆ ಹೋಗುತ್ತಿದ್ದಳು.

ಆಗ ಹಾಲೆಂಡಿನಿಂದ ಒಬ್ಬರು ಶಾಲೆ ಮೇಡಂ ಬಂದು ಐದು ದಿನ ಇದ್ದರು. ಹೊರಡುವ ದಿನ ಅಡುಗೆ ಅಕ್ಕ ಅವರಿಗೆ ಬುತ್ತಿ ಕಟ್ಟಿಕೊಟ್ಟಳು. ಅಮ್ಮಾವ್ರು ಕುಂಕುಮ ಇಟ್ಟು ರವಿಕೆ ಕಣ ಕೊಟ್ಟರು. ನಾನು ಸಕಲೇಶಪುರದಲ್ಲಿ ಮಂಗಳೂರು ಕಡೆಯ ರೈಲು ಹತ್ತಿಸಿ ಬಂದೆ. ಟ್ಯಾಂಕಿನ ಮೇಲೆ ಹತ್ತಿ ನೋಡಿದರೆ, ಆಗಲೇ ಆಕೆ ಸೈಟಿನಲ್ಲಿ ಮಾರ್ಕ್ಸ್ ಕೊಟ್ಟಿದ್ದರು. ಹತ್ತಕ್ಕೆ ಹತ್ತು!

ಕೂಗಿಕೊಂಡು ಇಳಿದು ಬಂದು ತೋರಿಸಿದೆ. ಅಮ್ಮಾವ್ರ ಮುಖ ಅರಳುತ್ತದೆ ಅಂದುಕೊಂಡರೆ ಬಿಳಿಚಿಕೊಂಡಿತು.

"ಪೂರ್ತಿ ಹತ್ತಾ? ಎಲ್ರೂ ನೋಡೋ ಹಂಗೆ ಹಾಕೌಳಾ?"

"ಹೌದು ಅಮ್ಮಾ, ಇಡೀ ಲೋಕಕ್ಕೆ ಕಾಣ್ತದೆ."

"ಅಯ್ಯೋ, ದೃಷ್ಟಿ ಆಗಲ್ವೇನ್ರೀ? ಮಗೀಗೂ ಕೆನ್ನೆ ಮೇಲೆ ಚುಕ್ಕೆ ಇಟ್ಟೇ ಆಚೆ ಕರ್ಕೊಂಡೋಗೋದು. ಒಂದ್ ಮಾರ್ಕು ಕಮ್ಮಿ ಮಾಡಕ್ಕೆ ಹೇಳಿ, ಈಗ್ಲೇ!"

ಅಷ್ಟರಲ್ಲಿ ಅಡುಗೆ ಅಕ್ಕ ಉಪ್ಪು ಮೆಣಸಿನಕಾಯಿ ತಂದು ನನ್ನ ಫೋನಿಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದ್ದಳು. ಮತ್ತೆ ಟ್ಯಾಂಕ್ ಹತ್ತಿ ಸಂದೇಶ ಕಳಿಸಿದೆ. ಅದು ತಲುಪಲಿಲ್ಲ. ರೈಲು ಎಡಕುಮೇರಿಯ ಕಾಡಿನಲ್ಲಿ ಸುರಂಗದೊಳಗೆ ನುಗ್ಗಿ ಹೋಗುತ್ತಿರಬೇಕು, ಅಲ್ಲಿ ಫೋನು ಸಿಗುವುದಿಲ್ಲ. ಎರಡು ತಾಸು ಅಮ್ಮಾವ್ರು ಟ್ಯಾಂಕಿನ ಬುಡದಲ್ಲಿ ಕೂತೇ ಇದ್ದರು. ನಿಮಿಷಕ್ಕೊಮ್ಮೆ "ಬೇಜಾರ್ ಮಾಡ್ಕೊಂಬುಟ್ಳಾ?" ಅಂತ ಕೇಳುತ್ತಿದ್ದರು.

ವಿಷಯ ತಿಳಿದು ಬಂದ ಡಾಕ್ಟರಮ್ಮ ತಲೆಗೆ ಕೈ ಹೊತ್ತರು. "ಎಂತ ಮಾರಾಯ್ರೆ ನೀವು! ಜನ ಹತ್ತು ಕೊಡಿ ಅಂತ ಕಾಲು ಹಿಡಿಯುತ್ತಾರೆ. ನೀವು ತೆಗೆಯಿರಿ ಅಂತ ಬೇಡುತ್ತಿದ್ದೀರಿ."

ರೈಲು ಘಾಟಿ ಇಳಿದ ಮೇಲೆ ಉತ್ತರ ಬಂತು. ಡಾಕ್ಟರಮ್ಮ ಓದಿದರು: "ಈಗ ಒಂಬತ್ತು ಮಾಡಿದ್ದೇನೆ. ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ, ಮಾರ್ಕ್ಸ್ ಕಡಿಮೆ ಮಾಡಿ ಅಂತ ಯಾರೂ ಕೇಳಿರಲಿಲ್ಲ. ಕಾರಣವನ್ನೂ ಸೈಟಿನಲ್ಲೇ ಬರೆದಿದ್ದೇನೆ. ಈ ಮನೆಯ ಯಜಮಾನಿಗೆ ತನ್ನ ಮನೆ ಮಗುವಿದ್ದ ಹಾಗೆ, ಅದಕ್ಕೆ ಯಾರ ಕಣ್ಣೂ ಬೀಳಬಾರದಂತೆ."

ಅಮ್ಮಾವ್ರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಕಾಶದಲ್ಲಿ ಗುಡುಗಿತು. ದಪ್ಪ ದಪ್ಪ ಹನಿ ಬಿದ್ದವು. ಹೂಮಳೆ! ನಾನು ಕೇಳಿದೆ, "ಅಮ್ಮಾ, ಮೂಟೆ ನೆನೀತಾವೆ. ಎಲ್ಲಿಗೆ ಹಾಕ್ಸಲಿ?"

ಅವರು ಬಾಯಿ ತೆರೆಯುವ ಮೊದಲೇ ಅಡುಗೆ ಅಕ್ಕ ಅಂದಳು, "ಬೀಗ ಹಾಕೋ ಮನೆಗೆ ಯಾರಾರ ದೃಷ್ಟಿ ಆಗ್ತದೆ ಅಂತ ಹೆದರ್ತಾರಾ ರೈಟ್ರೇ? ಸ್ಟೋರಿಗೇ ಹಾಕ್ಸಿ."

ಅಮ್ಮಾವ್ರು ಸೆರಗು ತಲೆಗೆ ಹೊದ್ದುಕೊಂಡು ಎದ್ದರು. "ಅವಳು ಹೇಳ್ದಂಗೆ ಮಾಡಿ" ಅಂದು ಒಳಗೆ ಹೋದರು. ಅಡುಗೆ ಅಕ್ಕ ಮಳೆಯಲ್ಲೇ ನಿಂತು ನಕ್ಕಳು, ಅತ್ತಳು. ನಾನೂ ಅತ್ತೆ ಅಂತ ಬರೆಯಲು ನನಗೇನೂ ಸಂಕೋಚವಿಲ್ಲ.

ಮಾರನೆಯ ದಿನ ಅವಳಿಗೆ ಇನ್ನೊಂದು ಅನುಮಾನ ಬಂತು. ಉಳಿದ ಒಂಬತ್ತಕ್ಕೂ ದೃಷ್ಟಿ ಆದರೆ? ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಫೋನಿನ ಬೆನ್ನಿಗೆ ಕಾಡಿಗೆಯ ಚುಕ್ಕೆ ಇಟ್ಟಳು. ಇಟ್ಟಿದ್ದು ಸರಿಯಾಗಿ ಕ್ಯಾಮೆರಾದ ಅಂಚಿಗೆ. ಅಂದಿನಿಂದ ಜರ್ಮನಿಯ ಸೈಟಾಗಲಿ ಜಪಾನಿನದಾಗಲಿ, ನಾನು ಹಾಕುವ ಪ್ರತಿ ಫೋಟೋದಲ್ಲೂ ನಮ್ಮ ಮನೆ ಮೂಲೆಯಲ್ಲೊಂದು ಕಪ್ಪು ಬೊಟ್ಟು ಇಟ್ಟುಕೊಂಡೇ ನಿಂತಿರುತ್ತದೆ. ಅದೇನು ಅಂತ ಲೋಕವೆಲ್ಲ ಕೇಳುತ್ತದೆ. ನಾನಂತೂ ಒರೆಸಿಲ್ಲ.