ಅಕ್ಕನ ಕನ್ನಡಕ, ನನ್ನ ಟೇಬಲ್ಲು

ನಮ್ಮ ಮನ್ಯಾಗ ಹೊಸಾ ಸಾಮಾನ ಏನರ ಬಂತಂದ್ರ ಒಂದ್ ಫಜೀತಿ ಆಗೇ ಆಗ್ತದ. ನಾ ಜಾಸ್ತಿ ಮಾತಾಡಾಕಿ ಅಲ್ಲ, ಪುಸ್ತಕ ಹಿಡದು ಮೂಲ್ಯಾಗ ಕೂಡ್ತೀನಿ. ಮೂಲ್ಯಾಗ ಕೂತವ್ರಿಗೆ ಎಲ್ಲಾ ಕಾಣ್ತದ. ಅದಕ್ಕ ಈ ಸಲ ನಾನೇ ಹೇಳ್ತೀನಿ.

೧. ಲಾರಿ

ಅಪ್ಪಗ ಬ್ಯಾಂಕಿನವ್ರು ನಾಸಿಕದಿಂದ ಸಂಭಾಜಿನಗರಕ್ಕ ಟ್ರಾನ್ಸ್‌ಫರ್ ಮಾಡಿದ್ರು. ದ್ರಾಕ್ಷಿ ಡಬ್ಬದಾಗ ತುಂಬಿದ ನನ್ನ ಪುಸ್ತಕಾ ಛಂದ ಬಂದ್ವು. ಅಕ್ಕನ ಮಾನಿಟರ್ ಮ್ಯಾಲ ಮಾತ್ರ ಅವ್ವನ ರುಬ್ಬುಗುಂಡು ಕೂತು ಬಂತು. ಗುಂಡಿಗೆ ಏನೂ ಆಗಿರಲಿಲ್ಲ.

ಅಕ್ಕ ಮನ್ಯಾಗೇ ಕೂತು ಆಫೀಸ್ ಕೆಲಸ ಮಾಡ್ತಾಳ. ಮಾನಿಟರ್ ಬದಲಿ ಒಂದು ಕನ್ನಡಕ ತರಿಸಿದ್ಳು. ಲ್ಯಾಪ್‌ಟಾಪಿಗೆ ವೈರ್ ಹಚ್ಚಿ ಕಣ್ಣಿಗೆ ಹಾಕ್ಕೊಂಡ್ರ ಗಾಳ್ಯಾಗ ದೊಡ್ಡ ಪಡದಾ ಕಾಣ್ತದ. ಸರಿ ಅನಿಸದಿದ್ರ ಹದಿನೈದು ದಿನದಾಗ ವಾಪಸ್ ಕೊಡಬಹುದು.

ಅದು ವಾಪಸ್ ಹೋದ್ರ ಹೊಸಾ ಮಾನಿಟರ್ ಬರ್ತದ, ಬಂದು ಟೇಬಲ್ ಮ್ಯಾಲ ಕೂಡ್ತದ. ಮನ್ಯಾಗ ಇರೋದೇ ಒಂದ್ ಟೇಬಲ್. ಅಲ್ಲಿ ಈಗ ನಾನೂ ನನ್ನ ಪುಸ್ತಕಾನೂ ಇದ್ದೀವಿ. ಕನ್ನಡಕ ಉಳೀಲಿ ಅಂತ ನಾ ದಿನಾ ದೇವರಿಗೆ ಕೈ ಮುಗೀತಿದ್ದೆ.

೨. ಐದು ಶನಿವಾರ

ಅಕ್ಕ ದಿವಾನ್ ಮ್ಯಾಲ ಕೂತು, ಖಾಲಿ ಗ್ವಾಡಿ ನೋಡ್ಕೋತ ಟೈಪ್ ಮಾಡ್ಲತ್ತಿದ್ಳು. ಒಮ್ಮೊಮ್ಮೆ ಗ್ವಾಡಿಗೆ ನಗ್ತಿದ್ಳು, ಒಮ್ಮೊಮ್ಮೆ ಬೈತಿದ್ಳು. ಮ್ಯಾಲಿನ ಮನಿ ಕಾಕು ಕೊತಂಬ್ರಿ ಕೇಳಲಿಕ್ಕ ಬಂದವ್ರು ಬಾಗಿಲದಾಗೇ ನಿಂತ್ರು.

"ಎಷ್ಟು ದಿನದಿಂದ ಹಿಂಗ ಅದ?" ಅಂತ ಮರಾಠ್ಯಾಗ ಮೆಲ್ಲಕ ಕೇಳಿದ್ರು.

"ಸೋಮವಾರದಿಂದ," ಅಂದ್ಳು ಅವ್ವ.

"ಖುಲ್ತಾಬಾದಿನ ಮಾರುತಿ ಗುಡಿಗೆ ಒಂದ್ ಶನಿವಾರ ಕರಕೊಂಡ್ ಹೋಗ್ರಿ."

"ಅಯ್ಯ, ಹಂಗೇನಿಲ್ರಿ ಕಾಕು. ಅದು ಆಕಿ ಆಫೀಸ್ ಕೆಲಸ. ಮುಂಜಾನಿಂದ ಸಂಜಿತನಕ ಹಿಂಗೇ."

ಕಾಕು ಅಕ್ಕನ್ನ ಮತ್ತೊಮ್ಮೆ ನೋಡಿದ್ರು. "ಹಂಗಿದ್ರ ಐದು ಶನಿವಾರ ಹೋಗ್ರಿ."

೩. ಅಪ್ಪನ ಇನ್‌ಸ್ಪೆಕ್ಷನ್

ಅಪ್ಪಗ ಯಾವ ಸಾಮಾನಾದ್ರೂ ಒಮ್ಮೆ ತಪಾಸಣಿ ಮಾಡಲೇಬೇಕು. ತಮ್ಮ ಚಷ್ಮಾದ ಮ್ಯಾಲೇ ಅಕ್ಕನ ಕನ್ನಡಕ ಏರಿಸಿದ್ರು.

"ಅಕ್ಷರ ಭಾಳ ಸಣ್ಣವು ಅವ," ಅಂತ ಒಂದ್ ಹೆಜ್ಜಿ ಮುಂದ ಹೋದ್ರು. ಪಡದಾನೂ ಮುಂದ ಹೋತು. ಇನ್ನೊಂದು ಹೆಜ್ಜಿ ಇಟ್ರು. ಅಕ್ಕ ಲ್ಯಾಪ್‌ಟಾಪ್ ಎತ್ಕೊಂಡು, ವೈರ್ ಕಿತ್ತು ಬರದಂಗ ಅವರ ಹಿಂದ ಹಿಂದ ಹೋದ್ಳು. ಕಡೀಗೆ ಅಪ್ಪ ಫ್ರಿಜ್ಜಿಗೆ ಹಣಿ ಬಡಕೊಂಡು ನಿಂತ್ರು.

"ಹೆಂಗದ ಅಪ್ಪಾ?"

"ನನ್ನ ಪ್ರಮೋಷನ್ ಇದ್ದಂಗ ಅದ," ಅಂದ್ರು ಅಪ್ಪ. "ನಾ ಮುಂದ ಹೋದಂಗ ಅದೂ ಮುಂದ ಹೋಗ್ತದ."

೪. ಅವ್ವನ ತಕರಾರು

ಮೊದಲು ಅವ್ವ ಚಹಾ ಕೊಡೋ ನೆವದಾಗ ಅಕ್ಕನ ಹಿಂದ ನಿಂತು ಮಾನಿಟರ್ ನೋಡ್ತಿದ್ಳು. ಈಗ ಏನು ನಡದದ ಅಂತ ಆಕಿಗೆ ತಿಳೀವಲ್ದು. ಒಂದಿನ ಅಕ್ಕ ಹೊಟ್ಟಿ ಹಿಡಕೊಂಡು ನಗ್ಲತ್ತಿದ್ಳು.

"ಏನ್ ಮಾಡ್ಲತ್ತಿ?"

"ಕೆಲಸ, ಅವ್ವಾ."

"ಇಷ್ಟ್ ನಗೂ ಬರೋ ಕೆಲಸ ಇದ್ರ ನಿಮ್ಮ ಅಪ್ಪಗೂ ಒಂದ್ ಕೊಡಸು."

೫. ಕಡೀ ದಿನ

ಹದಿಮೂರನೇ ದಿನ ಅಕ್ಕ ಮೂಗು ತಿಕ್ಕೊಂಡು, ಕುತ್ತಿಗಿ ಹಿಡಕೊಂಡು ಅಂದ್ಳು: "ಒಂದ್ ತಾಸಿಗೆ ಛಂದ ಅದ. ಎಂಟು ತಾಸು ಆಗಂಗಿಲ್ಲ. ಬಿಸಲು ಬಿದ್ರ ಅಕ್ಷರಾನೇ ಕಾಣಂಗಿಲ್ಲ. ವಾಪಸ್ ಕೊಡ್ತೀನಿ."

ನಾ ಕಿಡಕಿಗೆ ಚಾದರ್ ಕಟ್ಟಿದೆ. ಮೂಗಿಗೆ ಒತ್ತದಂಗ ಕನ್ನಡಕದ ಕೆಳಗ ಹತ್ತಿ ಇಟ್ಟುಕೊಟ್ಟೆ. ಆಕಿ ಕೇಳಲಿಲ್ಲ. ಒಯ್ಯೋರು ಹದಿನೈದನೇ ದಿನ, ಖಂಡೇ ನವಮಿಗೆ ಬರೋದಿತ್ತು. ಅವತ್ತು ತಪ್ಪಿದ್ರ ವಾಪಸ್ ಇಲ್ಲ.

ಅವತ್ತು ಮುಂಜಾನೆ ಅವ್ವ ಆಯುಧ ಪೂಜಾಕ್ಕ ಈಳಗಿ, ಮಿಕ್ಸರ್, ಅಪ್ಪನ ಸ್ಕೂಟರ್ ಕೀಲಿ, ನನ್ನ ಪೆನ್ನು ಎಲ್ಲಾ ಸಾಲಾಗಿ ಇಟ್ಟಿದ್ಳು. ಅಕ್ಕ ಜಳಕಕ್ಕ ಹೋಗಿದ್ಳು. ಡಬ್ಬಿಯೊಳಗ ಕನ್ನಡಕ ಹೋಗಲಿಕ್ಕ ತಯಾರಿತ್ತು. ನಾ ಆಗ ಒಂದೇ ಮಾತು ಆಡಿದೆ.

"ಅವ್ವಾ, ಅಕ್ಕನ ಆಯುಧ ಯಾವುದು?"

ಅವ್ವ ಡಬ್ಬಿ ತಗದ್ಳು. ನೀರಾಗ ಕಲಸಿದ ವಿಭೂತಿ ಮೂರು ಬೆರಳಲೆ ಎಡಗಡಿ ಗಾಜಿಗೆ ಎಳದ್ಳು, ಬಲಗಡಿ ಗಾಜಿಗೆ ಎಳದ್ಳು. ನಡುವ ಕುಂಕುಮ ಹಚ್ಚಿ, ಮ್ಯಾಲ ಚೆಂಡುಹೂವು ಇಟ್ಳು.

ಬಾಗಿಲ ಗಂಟಿ ಹೊಡೀತು. ಒಯ್ಯಲಿಕ್ಕ ಬಂದವ್ರು ಅಪ್ಪನ ವಯಸ್ಸಿನವ್ರು. ಕನ್ನಡಕ ನೋಡಿದ ಕೂಡ್ಲೇ ಚಪ್ಪಲಿ ಕಳದ್ರು. ಆಮ್ಯಾಲ ತಮ್ಮ ಫೋನ್ ನೋಡಿದ್ರು.

"ಒಡದದೇನು ಅಂತ ಕೇಳ್ತದ, ಗೀರು ಬಿದ್ದದೇನು ಅಂತ ಕೇಳ್ತದ," ಅಂದ್ರು ಮರಾಠ್ಯಾಗ. "ಪೂಜಾ ಆಗ್ಯದೇನು ಅಂತ ಇದ್ರಾಗ ಇಲ್ಲ. ಏನ್ ಬರೀಲಿ ತಾಯಿ?"

"ಇವತ್ತ ಪೂಜಾ ಮಾಡಿದ್ದು ಮನಿ ಬಿಟ್ಟು ಹೆಂಗ ಕೊಡ್ಲಿ ಭಾವು?" ಅಂದ್ಳು ಅವ್ವ.

"ನಾನರ ಹೆಂಗ ಒಯ್ಲಿ?" ಅಂದ್ರು ಅವ್ರು. ತಮ್ಮ ಗಾಡಿಗೂ ಸ್ವಲ್ಪ ವಿಭೂತಿ ಹಚ್ರಿ ಅಂತ ಕೇಳಿದ್ರು. ಅವ್ವ ಬಟ್ಟಲಾ ಹಿಡಕೊಂಡು ಕೆಳಗಿಳದು ಹಚ್ಚಿ, ಉಳದದ್ದು ಪೊಟ್ಟಣ ಕಟ್ಟಿ ಕೊಟ್ಟು ಬಂದ್ಳು.

ಅಕ್ಕ ಕೂದಲ ಒರಸ್ಕೋತ ಹೊರಗ ಬಂದ್ಳು. "ಬಂದಿದ್ರೇನು? ಒಯ್ದ್ರೇನು?"

ನಾ ಟೇಬಲ್ ಮ್ಯಾಲಿನ ಪುಸ್ತಕದಿಂದ ತಲಿ ಎತ್ತದೇ ಹೇಳಿದೆ: "ಒಯ್ದ್ರು. ವಿಭೂತಿ."